ಇಳಿಯುವಾಗ ಎಡವಿದ ನೌಕೆ: ದೋಷವನ್ನು ಎಲ್ಲಿಂದ ಹುಡುಕಬೇಕು?

ಗಾಳಿಯಿರುವ ಲೋಕವೊಂದಕ್ಕೆ ಇಳಿಯುವಾಗ ನೌಕೆ ಎಡವಿತು ಎಂದರೆ ಎಲ್ಲರ ಕಣ್ಣು ಮೊದಲು ಹೋಗುವುದು ಬೆಂಕಿಯ ಕಡೆಗೆ. ಸೆಕೆಂಡಿಗೆ ಹಲವು ಕಿಲೋಮೀಟರ್ ವೇಗ, ಸುತ್ತಲೂ ಕಾದು ಹೊಳೆಯುವ ಅನಿಲ, ಸುಟ್ಟು ಕರಿಯಾಗುತ್ತಿರುವ ಕವಚ. ಇಷ್ಟೆಲ್ಲ ಇರುವಾಗ ಸುಟ್ಟೇ ಹೋಗಿರಬೇಕು ಎಂದು ಅನ್ನಿಸುವುದು ಸಹಜ. ಆದರೆ ಹಳೆಯ ತನಿಖೆಗಳನ್ನು ಒಂದೊಂದಾಗಿ ತಿರುವಿಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಬಹಳ ಸಲ ಕವಚ ತನ್ನ ಪಾಲಿನ ಕೆಲಸ ಮುಗಿಸಿರುತ್ತದೆ, ಪ್ಯಾರಾಚೂಟಿನ ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ. ಕೈಕೊಟ್ಟಿರುವುದು ‘ಈಗ’ ಎಂದು ಹೇಳಬೇಕಿದ್ದ ಒಂದು ಪುಟ್ಟ ಸ್ವಿಚ್ಚು, ಇಲ್ಲವೇ ನಾಲ್ಕು ಸಾಲಿನ ತಂತ್ರಾಂಶ. ಹಾಗಾಗಿ ಏನು ಮುರಿಯಿತು ಎಂದು ಕೇಳುವ ಮೊದಲು, ಆ ಕ್ಷಣದಲ್ಲಿ ನೌಕೆ ತಾನು ಎಲ್ಲಿದ್ದೇನೆಂದು ನಂಬಿತ್ತು ಎಂದು ಕೇಳುವುದು ನನ್ನ ಕ್ರಮ. ಮುಂದೆ ಹೇಳಿರುವುದು ಇದೇ ಪ್ರಶ್ನೆಯನ್ನು ಒಂದೊಂದು ಲಕ್ಷಣಕ್ಕೂ ಹೊಂದಿಸಿ ಕೇಳುವ ಬಗೆ.

ಮೊದಲು ಗಡಿಯಾರಗಳನ್ನು ಹೊಂದಿಸಿ

ಮಂಗಳನ ವಾತಾವರಣದ ಅಂಚನ್ನು ಮುಟ್ಟಿದಾಗಿನಿಂದ ನೆಲ ಸೇರುವವರೆಗೆ ಸುಮಾರು 7 ನಿಮಿಷ ಹಿಡಿಯುತ್ತದೆ. 2012ರ ಆಗಸ್ಟ್‌ನಲ್ಲಿ ನಾಸಾದ ಕ್ಯೂರಿಯಾಸಿಟಿ ರೋವರ್ ಅಲ್ಲಿ ಇಳಿದಾಗ ಅದರ ಸಂಕೇತ ಭೂಮಿಗೆ ಬರಲು ಸುಮಾರು 14 ನಿಮಿಷ ಬೇಕಾಗಿತ್ತು. ಅಂದರೆ ‘ಪ್ರವೇಶ ಆರಂಭವಾಯಿತು’ ಎಂಬ ಸುದ್ದಿ ಇಲ್ಲಿಗೆ ಮುಟ್ಟುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿರುತ್ತದೆ. ನಿಮ್ಮ ಮುಂದಿರುವ ದಾಖಲೆಗಳಲ್ಲಿ ಕನಿಷ್ಠ ಮೂರು ಗಡಿಯಾರಗಳು ಓಡುತ್ತಿರುತ್ತವೆ: ಇಳಿದ ನೌಕೆಯದು, ಅದರ ಮಾತನ್ನು ಕೇಳಿಸಿಕೊಂಡ ಕಕ್ಷೆಯ ನೌಕೆಯದು, ಭೂಮಿಯ ಆಂಟೆನಾದ್ದು. ಇವನ್ನು ಒಂದೇ ಕಾಲರೇಖೆಗೆ ತರದೆ ಕಾರಣ ಹುಡುಕಲು ಕುಳಿತವರು ಮೊದಲ ದಿನವನ್ನು ಕಳೆದುಕೊಂಡರೆಂದೇ ಲೆಕ್ಕ.

ಕಾಲರೇಖೆ ಸಿದ್ಧವಾದ ಮೇಲೆ ನಾಲ್ಕು ಕಂಬಸಾಲು ಎಳೆಯಿರಿ. ಕೊಟ್ಟ ಆದೇಶ, ಸೆನ್ಸರ್ ಅಳೆದದ್ದು, ತಂತ್ರಾಂಶ ಅಂದಾಜಿಸಿದ್ದು, ನಿಜವಾಗಿ ನಡೆದದ್ದು. ಎರಡನೆಯದನ್ನೂ ಮೂರನೆಯದನ್ನೂ ಬೆರೆಸುವುದೇ ಎಲ್ಲರೂ ಮಾಡುವ ತಪ್ಪು. ‘ಎತ್ತರ’ ಎಂಬ ಹೆಸರಿನ ಅಂಕಿ ಟೆಲಿಮೆಟ್ರಿಯಲ್ಲಿ, ಅಂದರೆ ನೌಕೆ ರೇಡಿಯೋದಲ್ಲಿ ಕಳಿಸುವ ತನ್ನ ಸ್ಥಿತಿಯ ಅಂಕಿಗಳಲ್ಲಿ, ಕಂಡ ಕೂಡಲೇ ಅದನ್ನು ರೇಡಾರ್ ಅಳೆಯಿತು ಎಂದು ತಿಳಿಯುತ್ತೇವೆ. ಅದನ್ನು ಯಾರೂ ಅಳೆದಿಲ್ಲ, ಲೆಕ್ಕ ಹಾಕಿದ್ದಾರೆ. ಈ ವ್ಯತ್ಯಾಸ ಎಷ್ಟು ದುಬಾರಿಯಾಗಬಹುದು ಎಂಬುದು ಮುಂದೆ ಮಂಗಳನ ನೌಕೆ ಸ್ಕಿಯಾಪರೆಲಿಯ ಕಥೆ ಬಂದಾಗ ಗೊತ್ತಾಗುತ್ತದೆ.

ಲಕ್ಷಣ: ದಾರಿಯ ಮಧ್ಯೆ ಸಂಕೇತ ನಿಂತಿತು

ಗಾಬರಿಪಡುವ ಮುನ್ನ ಗಡಿಯಾರ ನೋಡಿ. ನೌಕೆಯ ಸುತ್ತ ಅಯಾನೀಕೃತ ಅನಿಲದ ಪೊರೆ ಕಟ್ಟಿಕೊಂಡಾಗ ರೇಡಿಯೋ ಅಲೆಗಳು ಹೊರಬರಲಾರವು. ಇದು ದೋಷವಲ್ಲ, ನಿರೀಕ್ಷಿತ ಮೌನ. ಈ ಮೌನ ಲೆಕ್ಕಕ್ಕಿಂತ ಉದ್ದವಾದರೂ ಅದು ತಾನಾಗಿ ಅನಾಹುತದ ಗುರುತಲ್ಲ. 1970ರಲ್ಲಿ ಅಪೊಲೊ 13 ಹಿಂದಿರುಗುವಾಗ ಮೌನ ನಿರೀಕ್ಷೆಗಿಂತ ಒಂದು ನಿಮಿಷಕ್ಕೂ ಹೆಚ್ಚು ಬೆಳೆಯಿತು, ಆದರೂ ಮೂವರೂ ಕ್ಷೇಮವಾಗಿ ಕಡಲಿಗೆ ಇಳಿದರು. ಮೌನ ಆರಂಭವಾದ ಹೊತ್ತು ಲೆಕ್ಕಕ್ಕೆ ಸರಿಹೊಂದುತ್ತದೆಯೇ, ಅದಕ್ಕೂ ಮುಂಚೆ ವಾಹಕ ತರಂಗದ (ಸಂಕೇತವನ್ನು ಹೊತ್ತು ತರುವ ರೇಡಿಯೋ ಅಲೆಯ) ಡಾಪ್ಲರ್ ಪಲ್ಲಟ, ಅಂದರೆ ನೌಕೆಯ ವೇಗದಿಂದ ಅಲೆಯ ಆವರ್ತನದಲ್ಲಾಗುವ ವ್ಯತ್ಯಾಸ, ನಯವಾಗಿ ಬದಲಾಗುತ್ತಿತ್ತೇ ಎಂಬ ಎರಡು ಪ್ರಶ್ನೆಗಳಿಗೆ ‘ಹೌದು’ ಎಂಬ ಉತ್ತರ ಬಂದರೆ ಕಾಯಿರಿ. ಡಾಪ್ಲರ್‌ನಲ್ಲಿ ದಿಢೀರ್ ಜಿಗಿತ ಕಂಡಿದ್ದರೆ ಅದೇ ನಿಮ್ಮ ಮೊದಲ ಸುಳಿವು: ಅದು ಪ್ಯಾರಾಚೂಟ್ ತೆರೆದ ಎಳೆತವಿರಬಹುದು, ಅಥವಾ ಆಗಬಾರದಿದ್ದ ಯಾವುದೋ ಬೇರ್ಪಡೆ ಇರಬಹುದು.

ಮಾತನಾಡುವವನ ಗಂಟಲು ಸರಿಯಿದ್ದು ಕೇಳುವವನ ಕಿವಿ ಕೆಟ್ಟಿರುವುದೂ ಉಂಟು. ಶನಿಯ ಚಂದ್ರ ಟೈಟನ್‌ಗೆ ಹೊರಟಿದ್ದ ಹೈಗೆನ್ಸ್ ಶೋಧಕದ ವಿಷಯದಲ್ಲಿ ಇದು ದಾರಿಯಲ್ಲೇ ಸಿಕ್ಕಿಬಿತ್ತು. ಅದರ ಮಾತನ್ನು ಕೇಳಬೇಕಿದ್ದ ತಾಯಿನೌಕೆ ಕಸಿನಿಯ ರಿಸೀವರ್, ಅಲೆಯ ಆವರ್ತನದ ಡಾಪ್ಲರ್ ಬದಲಾವಣೆಯನ್ನು ತಾಳಿಕೊಳ್ಳುತ್ತಿತ್ತು, ಆದರೆ ಅದೇ ಕಾರಣಕ್ಕೆ ಬಿಟ್‌ಗಳು ಬರುವ ಲಯ ಬದಲಾಗುವುದನ್ನು ತಾಳಿಕೊಳ್ಳುತ್ತಿರಲಿಲ್ಲ. 2000ನೇ ಇಸವಿಯಲ್ಲಿ ಭೂಮಿಯಿಂದ ನಕಲಿ ಹೈಗೆನ್ಸ್ ಸಂಕೇತ ಕಳಿಸಿ ಪರೀಕ್ಷಿಸಿದಾಗ ಇದು ಬಯಲಾಯಿತು. ಹಾರುತ್ತಿರುವ ಯಂತ್ರವನ್ನು ಬಿಚ್ಚಲಾಗದು. ಹಾಗಾಗಿ ದಾರಿಯನ್ನೇ ಬದಲಿಸಿ, ಕಸಿನಿ ಹೈಗೆನ್ಸ್‌ಗೆ ಎದುರಾಗಿ ಬರುವ ಬದಲು ದೂರದಿಂದ ಪಕ್ಕಕ್ಕೆ ಹಾದುಹೋಗುವಂತೆ ಮಾಡಿದರು. 2005ರ ಜನವರಿ 14ರಂದು ಹೈಗೆನ್ಸ್ ಸುಸೂತ್ರವಾಗಿ ಇಳಿಯಿತು. ಆದರೂ ಎರಡು ವಾಹಿನಿಗಳಲ್ಲಿ ಒಂದು ಪೂರ್ತಿ ನಷ್ಟವಾಯಿತು, ಏಕೆಂದರೆ ಆ ವಾಹಿನಿಯ ರಿಸೀವರ್‌ಗೆ ಬೇಕಿದ್ದ ಒಂದು ‘ಆನ್’ ಆದೇಶವನ್ನು ಪಟ್ಟಿಗೆ ಸೇರಿಸಿರಲಿಲ್ಲ. ಕಠಿಣ ದೋಷವನ್ನು ಹಿಡಿದವರಿಗೂ ಸುಲಭದ್ದು ಕಣ್ತಪ್ಪುತ್ತದೆ.

ಲಕ್ಷಣ: ಪ್ಯಾರಾಚೂಟ್ ತೆರೆಯಲಿಲ್ಲ, ತಡವಾಗಿ ತೆರೆಯಿತು ಅಥವಾ ಸರದಿ ತಪ್ಪಿ ತೆರೆಯಿತು

ಇಲ್ಲಿ ನಾನು ಬಟ್ಟೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಜಿ-ಸ್ವಿಚ್ಚನ್ನು.

ಅದರ ಕೆಲಸ ಸರಳ. ಗಾಳಿ ತಡೆಯುತ್ತಿದ್ದಂತೆ ನೌಕೆಯ ಮೇಲಿನ ಬಲ ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಬೆರಳ ತುದಿಯಷ್ಟು ಗಾತ್ರದ ಡಬ್ಬಿಯೊಳಗೆ ಸ್ಪ್ರಿಂಗಿಗೆ ಒತ್ತಿಕೊಂಡ ಒಂದು ತೂಕ ಇರುತ್ತದೆ. ಬಲ ಗೊತ್ತುಪಡಿಸಿದ ಮಿತಿ ದಾಟಿದಾಗ ತೂಕ ಸರಿದು ಸಂಪರ್ಕ ಕೂಡುತ್ತದೆ, ಬಲ ಮತ್ತೆ ಮಿತಿಗಿಂತ ಇಳಿದಾಗ ಬಿಡುತ್ತದೆ. ಅಲ್ಲಿಂದ ಟೈಮರ್ ಎಣಿಸತೊಡಗುತ್ತದೆ, ಎಣಿಕೆ ಮುಗಿದಾಗ ಸ್ಫೋಟಕ ಸಿಡಿದು ಡ್ರೋಗ್ ಎನ್ನುವ ಮೊದಲ ಸಣ್ಣ ಪ್ಯಾರಾಚೂಟ್ ಹೊರಬರುತ್ತದೆ. ಈಗ ಇದೇ ಡಬ್ಬಿಯನ್ನು ತಲೆಕೆಳಗಾಗಿ ಕೂರಿಸಿದಿರಿ ಎಂದುಕೊಳ್ಳಿ. ಎಷ್ಟೇ ಜೋರಾಗಿ ತಡೆದರೂ ತೂಕ ಸಂಪರ್ಕದಿಂದ ದೂರಕ್ಕೇ ಒತ್ತಿಕೊಳ್ಳುತ್ತದೆ. ಟೈಮರ್ ಎಚ್ಚರವಾಗುವುದೇ ಇಲ್ಲ.

ಸೌರಮಾರುತದ ಕಣಗಳನ್ನು ಹೊತ್ತು ತಂದ ಜೆನೆಸಿಸ್ ಕ್ಯಾಪ್ಸೂಲಿಗೆ ಆದದ್ದು ಇದೇ. 2004ರ ಸೆಪ್ಟೆಂಬರ್ 8ರಂದು ಅದನ್ನು ಗಾಳಿಯಲ್ಲೇ ಹಿಡಿಯಲು ಯೂಟಾದ ಮರುಭೂಮಿಯ ಮೇಲೆ ಹೆಲಿಕಾಪ್ಟರ್‌ಗಳು ಕಾಯುತ್ತಿದ್ದವು. ಪ್ರವೇಶದ ಬೆಂಕಿಯನ್ನು ದಾಟಿ ಬಂದ ಕ್ಯಾಪ್ಸೂಲು ಯಾವ ಪ್ಯಾರಾಚೂಟೂ ಇಲ್ಲದೆ ಗಂಟೆಗೆ 300 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲಕ್ಕೆ ಬಡಿಯಿತು. ಸ್ವಿಚ್‌ಗಳು ಕೆಟ್ಟಿರಲಿಲ್ಲ, ನಕ್ಷೆಯಲ್ಲೇ ತಿರುಗುಮುರುಗಾಗಿದ್ದವು, ಜೋಡಿಸಿದವರು ನಕ್ಷೆಯನ್ನು ಚಾಚೂತಪ್ಪದೆ ಪಾಲಿಸಿದ್ದರು. ಹಾಗಾಗಿ ‘ನಕ್ಷೆಯಂತೆಯೇ ಇದೆ’ ಎಂಬ ತಪಾಸಣೆ ವರದಿ ಸಿಕ್ಕರೆ ಸಮಾಧಾನಪಡಬೇಡಿ.

ಮೇಜಿನ ಮೇಲಿಟ್ಟು ಮಗುಚಿ ನೋಡಿದರೆ ಈ ದೋಷ ಸಿಗುವುದಿಲ್ಲ ಎಂಬುದನ್ನು ಗಮನಿಸಿ. ಭೂಮಿಯ ಮೇಲೆ ಸಿಗುವುದು 1 ಜಿ, ಅಂದರೆ ಭೂಮಿಯ ಗುರುತ್ವದಷ್ಟು ಬಲ ಮಾತ್ರ. ಮಿತಿ 3 ಜಿ ಇದ್ದರೆ ನೆಟ್ಟಗಿಟ್ಟರೂ ತಲೆಕೆಳಗಿಟ್ಟರೂ ಸ್ವಿಚ್ಚು ಸುಮ್ಮನೇ ಇರುತ್ತದೆ. ಜೋಡಿಸಿದ ಪೆಟ್ಟಿಗೆಯನ್ನೇ, ನೌಕೆಯಲ್ಲಿ ಅದು ಯಾವ ದಿಕ್ಕಿಗೆ ಕೂರುತ್ತದೋ ಅದೇ ದಿಕ್ಕಿನಲ್ಲಿ, ಸೆಂಟ್ರಿಫ್ಯೂಜಿನಲ್ಲಿ (ಗಿರಗಿರ ತಿರುಗಿಸಿ ಬಲ ಹುಟ್ಟಿಸುವ ಯಂತ್ರದಲ್ಲಿ) ತಿರುಗಿಸಬೇಕು. ಬಿಡಿ ಸ್ವಿಚ್ಚನ್ನು ತಿರುಗಿಸಿ ‘ಕೆಲಸ ಮಾಡುತ್ತದೆ’ ಎಂದರೆ ಏನೂ ಸಾಬೀತಾಗಲಿಲ್ಲ.

ಗುರುಗ್ರಹಕ್ಕೆ ಧುಮುಕಿದ ಗೆಲಿಲಿಯೊ ಶೋಧಕ ಇದಕ್ಕೂ ಹಳೆಯ ಸಾಕ್ಷಿ. 1995ರ ಡಿಸೆಂಬರ್ 7ರಂದು ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಒಳಹೊಕ್ಕ ಅದರ ಕವಚ 80 ಕಿಲೋದಷ್ಟು ಸವೆದುಹೋಯಿತು, ಆದರೂ ಶೋಧಕ ಉಳಿಯಿತು. ಅಷ್ಟು ಭೀಕರ ಬೆಂಕಿ ಏನೂ ಮಾಡದ ಕಡೆ ಪ್ಯಾರಾಚೂಟ್ ಮಾತ್ರ 53 ಸೆಕೆಂಡ್ ತಡವಾಗಿ ತೆರೆಯಿತು. ಜಿ-ಸ್ವಿಚ್‌ಗಳ ತಂತಿ ಜೋಡಣೆ ಅದಲುಬದಲಾಗಿದ್ದುದೇ ಸಂಭವನೀಯ ಕಾರಣ ಎಂದು ತನಿಖೆ ಕಂಡುಕೊಂಡಿತು.

ಪಾಠ ಕಲಿತಾಯಿತು ಎಂದುಕೊಂಡರೆ, 2023ರ ಸೆಪ್ಟೆಂಬರ್ 24ರಂದು ಬೆನ್ನು ಕ್ಷುದ್ರಗ್ರಹದ ಮಣ್ಣು ತಂದ ಒಸೈರಿಸ್-ರೆಕ್ಸ್ ಕ್ಯಾಪ್ಸೂಲಿನಲ್ಲಿ ಅದರ ದಾಯಾದಿ ದೋಷ ಕಾಣಿಸಿಕೊಂಡಿತು. ವಿನ್ಯಾಸದ ಕಾಗದಗಳಲ್ಲಿ ‘ಮುಖ್ಯ’ ಎಂಬ ಪದವನ್ನು ಒಂದು ಕಡೆ ಮುಖ್ಯ ಪ್ಯಾರಾಚೂಟಿಗೂ ಇನ್ನೊಂದು ಕಡೆ ಡ್ರೋಗನ್ನು ಸಿಡಿಸುವ ಮುಖ್ಯ ಸ್ಫೋಟಕಕ್ಕೂ ಬಳಸಲಾಗಿತ್ತು. ತಂತಿಗಳು ಅದಲುಬದಲಾದವು. ಸುಮಾರು 30 ಕಿಲೋಮೀಟರ್ ಎತ್ತರದಲ್ಲಿ ಡ್ರೋಗನ್ನು ಹೊರಗೆಸೆಯಬೇಕಿದ್ದ ಆದೇಶ, ಅದು ಇನ್ನೂ ಒಳಗೆ ಮಡಚಿಕೊಂಡಿರುವಾಗಲೇ ಅದರ ಹಗ್ಗವನ್ನು ಕತ್ತರಿಸಿತು. ಸುಮಾರು 2.7 ಕಿಲೋಮೀಟರ್ ಎತ್ತರದಲ್ಲಿ ಹಗ್ಗ ಕತ್ತರಿಸಬೇಕಿದ್ದ ಆದೇಶ ಡ್ರೋಗನ್ನು ಹೊರಗೆಸೆಯಿತು. ಕಟ್ಟಿಲ್ಲದ ಡ್ರೋಗ್ ಹಾರಿಹೋಯಿತು. ಮುಖ್ಯ ಪ್ಯಾರಾಚೂಟಿನ ವಿನ್ಯಾಸದಲ್ಲಿ ಕೈಬಿಗಿ ಹಿಡಿಯದೆ ಬಲ ಕೊಟ್ಟಿದ್ದರಿಂದ ಅದು ಆ ಹೆಚ್ಚಿನ ವೇಗವನ್ನು ತಡೆದುಕೊಂಡಿತು, ಕ್ಯಾಪ್ಸೂಲು ಕ್ಷೇಮವಾಗಿ ಇಳಿಯಿತು. ಪರಿಣಾಮ ಒಳ್ಳೆಯದಾಯಿತೆಂದು ಇದರ ತನಿಖೆಯನ್ನು ಕೈಬಿಟ್ಟಿದ್ದರೆ ದೋಷ ಮುಂದಿನ ನೌಕೆಗೂ ಹೋಗುತ್ತಿತ್ತು.

ಈ ಲಕ್ಷಣಕ್ಕೆ ನನ್ನ ಸರದಿ ಹೀಗೆ: ಸ್ವಿಚ್ಚಿನ ದಿಕ್ಕು, ಆಮೇಲೆ ತಂತಿಯ ಎರಡೂ ತುದಿಗಳು (ಹೆಸರು ನೋಡಿ ಅಲ್ಲ, ಮೀಟರ್ ಹಿಡಿದು), ಆಮೇಲೆ ಟೈಮರ್ ಮತ್ತು ಬ್ಯಾಟರಿ, ಸ್ಫೋಟಕ. ಬಟ್ಟೆ ಕೊನೆಗೆ.

ಲಕ್ಷಣ: ತೆರೆಯಿತು, ಆದರೆ ಹರಿಯಿತು

ಹರಿದದ್ದು ಯಾವ ಗಳಿಗೆಯಲ್ಲಿ? ಗಾಳಿ ತುಂಬಿ ಎಳೆತ ಗರಿಷ್ಠಕ್ಕೆ ಹೋದಾಗ ಹರಿದಿದ್ದರೆ ಬಲ ಸಾಲದ ಬಟ್ಟೆ ಎಂದು ಶಂಕಿಸಬಹುದು. ಅದಕ್ಕೂ ಮೊದಲೇ ಹರಿದಿದ್ದರೆ ಪ್ಯಾರಾಚೂಟನ್ನು ಮಡಚಿಟ್ಟಿದ್ದ ಚೀಲವನ್ನು ಶಂಕಿಸಿ. 2019ರಲ್ಲಿ ಯುರೋಪಿನ ಮಂಗಳ ಯೋಜನೆ ಎಕ್ಸೋಮಾರ್ಸ್‌ನ ಪ್ಯಾರಾಚೂಟುಗಳ ಎತ್ತರದ ಪರೀಕ್ಷೆಯಲ್ಲಿ ಬಟ್ಟೆ ಸೀಳಿದಾಗ, ಸೀಳು ಮೂಡಿದ್ದು ಚೀಲದಿಂದ ಹೊರಬಂದ ಕೂಡಲೇ, ಎಳೆತ ಗರಿಷ್ಠವಾಗುವ ಮೊದಲು ಎಂದು ತಿಳಿಯಿತು. ಅತಿ ವೇಗದಲ್ಲಿ ಚೀಲದಿಂದ ಹೊರಬರುವಾಗಿನ ಉಜ್ಜಾಟವೇ ಬಟ್ಟೆಗೆ ಗಾಯ ಮಾಡಿತ್ತು. ಚೀಲದ ವಿನ್ಯಾಸವನ್ನೂ ಮಡಿಕೆಯ ರೀತಿಯನ್ನೂ ಬದಲಿಸಿದರು.

ಮೇಲಕ್ಕೆ ನೋಡುವ ಕ್ಯಾಮೆರಾ ಇಲ್ಲದೆ ಇಂಥ ದೋಷವನ್ನು ಖಚಿತವಾಗಿ ಹೇಳುವುದು ಕಷ್ಟ. 2021ರ ಫೆಬ್ರವರಿ 18ರಂದು ಮಂಗಳಕ್ಕೆ ಇಳಿದ ಪರ್ಸಿವರೆನ್ಸ್ ರೋವರ್ ತನ್ನ 21.5 ಮೀಟರ್ ಅಗಲದ ಪ್ಯಾರಾಚೂಟ್ ಅರಳುವುದನ್ನು ವಿಡಿಯೊದಲ್ಲಿ ಹಿಡಿಯಿತು. ಜನರಿಗೆ ಅದು ಕಣ್ಣಿನ ಹಬ್ಬವಾಯಿತು, ಪ್ಯಾರಾಚೂಟ್ ಎಂಜಿನಿಯರುಗಳಿಗೆ ಅದು ಅಳತೆಪಟ್ಟಿ.

ಲಕ್ಷಣ: ನೌಕೆ ಎತ್ತರವನ್ನು ತಪ್ಪಾಗಿ ತಿಳಿದುಕೊಂಡಿದೆ

2016ರ ಅಕ್ಟೋಬರ್ 19. ಯುರೋಪಿನ ಸ್ಕಿಯಾಪರೆಲಿ ಮಂಗಳನ ಗಾಳಿಯನ್ನು ಹೊಕ್ಕು, ಸುಮಾರು 12 ಕಿಲೋಮೀಟರ್ ಎತ್ತರದಲ್ಲಿ ಪ್ಯಾರಾಚೂಟ್ ಬಿಚ್ಚಿತು. ಕವಚ ಸರಿ, ಪ್ಯಾರಾಚೂಟ್ ಸರಿ, ರೇಡಾರೂ ಸರಿ. ಆದರೂ ಅದು ಸುಮಾರು 3.7 ಕಿಲೋಮೀಟರ್ ಎತ್ತರದಿಂದ ಕಲ್ಲಿನಂತೆ ಬಿತ್ತು.

ಪ್ಯಾರಾಚೂಟ್ ಅರಳಿದಾಗ ನೌಕೆ ಊಹಿಸಿದ್ದಕ್ಕಿಂತ ಜೋರಾಗಿ ಓಲಾಡಿತು. ತಿರುಗುವ ವೇಗವನ್ನು ಅಳೆಯುವ ಸೆನ್ಸರ್ ತನ್ನ ಗರಿಷ್ಠ ಮಿತಿಗೆ ತಾಗಿ ಸುಮಾರು ಒಂದು ಸೆಕೆಂಡ್ ಅಲ್ಲೇ ನಿಂತಿತು. ತಕ್ಕಡಿಯ ಮುಳ್ಳು ತುದಿಗೆ ಬಡಿದು ನಿಂತರೆ ‘ಇದಕ್ಕಿಂತ ಮೇಲೆ ನನಗೆ ಗೊತ್ತಿಲ್ಲ’ ಎಂದು ಅದರ ಅರ್ಥ. ತಂತ್ರಾಂಶ ಅದನ್ನು ಹಾಗೆ ಓದಲಿಲ್ಲ. ಇಡೀ ಸೆಕೆಂಡ್ ನೌಕೆ ಅದೇ ಗರಿಷ್ಠ ವೇಗದಲ್ಲಿ ತಿರುಗಿತು ಎಂದು ಕೂಡಿಸುತ್ತಾ ಹೋಯಿತು. ಕೂಡಿಕೆ ಮುಗಿದಾಗ ನೌಕೆ ತಾನು ಸುಮಾರು 165 ಡಿಗ್ರಿ ವಾಲಿದ್ದೇನೆ, ಅಂದರೆ ಹೆಚ್ಚುಕಡಿಮೆ ತಲೆಕೆಳಗಾಗಿದ್ದೇನೆ ಎಂದು ನಂಬಿತು.

ಆಗ ರೇಡಾರ್ ಬಂತು. ರೇಡಾರ್ ಹೇಳುವುದು ಎತ್ತರವನ್ನಲ್ಲ, ತನ್ನ ಕಿರಣದ ಉದ್ದಕ್ಕೂ ನೆಲ ಎಷ್ಟು ದೂರವಿದೆ ಎಂಬುದನ್ನು. ಅದನ್ನು ವಾಲುವಿಕೆಯ ಕೊಸೈನ್‌ನಿಂದ ಗುಣಿಸಿದರೆ ಎತ್ತರ ಸಿಗುತ್ತದೆ. ನಿಮ್ಮ ಕ್ಯಾಲ್ಕುಲೇಟರಿನಲ್ಲೇ ಮಾಡಿ ನೋಡಿ: ಕಿರಣದ ದೂರ 4 ಕಿಲೋಮೀಟರ್, ವಾಲುವಿಕೆ 10 ಡಿಗ್ರಿ ಎಂದರೆ ಎತ್ತರ 3.9 ಕಿಲೋಮೀಟರ್. ಅದೇ ದೂರಕ್ಕೆ 165 ಡಿಗ್ರಿ ಹಾಕಿದರೆ ಉತ್ತರ ಮೈನಸ್ 3.9. ಸರಿಯಾದ ರೇಡಾರ್ ಅಳತೆ, ತಪ್ಪು ನಂಬಿಕೆ, ಎರಡೂ ಸೇರಿ ನೌಕೆ ನೆಲದ ಕೆಳಗೆ ಹೋಗಿತ್ತು! ನೆಲ ದಾಟಿದ ಮೇಲೆ ಪ್ಯಾರಾಚೂಟ್ ಏಕೆ? ಕಳಚಿತು. ಎಂಜಿನ್ ಏಕೆ? ಸುಮಾರು 30 ಸೆಕೆಂಡ್ ಉರಿಯಬೇಕಿದ್ದುದನ್ನು 3 ಸೆಕೆಂಡಿಗೆ ಆರಿಸಿತು. ನೆಲದ ಮೇಲೆ ಮಾಡಬೇಕಾದ ಕೆಲಸಗಳನ್ನು ಗಾಳಿಯಲ್ಲೇ ಆರಂಭಿಸಿತು. ಗಂಟೆಗೆ ಸುಮಾರು 540 ಕಿಲೋಮೀಟರ್ ವೇಗದಲ್ಲಿ ಬಡಿಯಿತು.

ಈ ಲಕ್ಷಣ ಎದುರಾದಾಗ ‘ಅಂದಾಜಿಸಿದ್ದು’ ಸಾಲಿನಲ್ಲಿ ಮೊದಲ ಜಿಗಿತ ಎಲ್ಲಿದೆ ಎಂದು ಬೆರಳಿಟ್ಟು ಹಿಂದಕ್ಕೆ ಹೋಗಿ. ಅದಕ್ಕಿಂತ ಸ್ವಲ್ಪ ಮೊದಲು ಯಾವುದಾದರೂ ಸೆನ್ಸರ್ ಓದು ಅಲುಗಾಡದೆ ಚಪ್ಪಟೆಯಾಗಿದೆಯೇ? ಚಪ್ಪಟೆ ಗೆರೆ ಶಾಂತಿಯ ಗುರುತಲ್ಲ, ಸೆನ್ಸರ್ ತನ್ನ ಮಿತಿಗೆ ತಾಗಿದ ಗುರುತು. ಪರಿಹಾರವನ್ನು ಎರಡು ಕಡೆ ಹಾಕಬೇಕು. ಮಿತಿಗೆ ತಾಗಿದ ಅಳತೆಯನ್ನು ಕೂಡಿಸುವಾಗ ನಂಬಬಾರದು ಎಂಬುದು ಒಂದು. ಕೆಲವು ಕ್ಷಣಗಳ ಹಿಂದೆ ಕಿಲೋಮೀಟರುಗಟ್ಟಲೆ ಮೇಲಿದ್ದವನು ಈಗ ನೆಲದಡಿಯಲ್ಲಿರಲು ಸಾಧ್ಯವೇ ಎಂದು ಯಾರಾದರೂ ಒಬ್ಬರು ಕೇಳುವ ಸಾಲು ತಂತ್ರಾಂಶದಲ್ಲಿರಬೇಕು ಎಂಬುದು ಇನ್ನೊಂದು.

ಲಕ್ಷಣ: ನೆಲ ಹತ್ತಿರವಿರುವಾಗ ಎಂಜಿನ್ ನಿಂತಿತು

1999ರ ಡಿಸೆಂಬರ್ 3ರಂದು ಮಂಗಳಕ್ಕೆ ಇಳಿಯುತ್ತಿದ್ದ ನಾಸಾದ ಮಾರ್ಸ್ ಪೋಲಾರ್ ಲ್ಯಾಂಡರ್ ಹೀಗೆ ಹೋಗಿರಬೇಕು. ‘ಇರಬೇಕು’ ಎನ್ನುವುದಕ್ಕೆ ಕಾರಣವಿದೆ: ಇಳಿಯುವಾಗ ಟೆಲಿಮೆಟ್ರಿ ಕಳಿಸುವ ಏರ್ಪಾಟೇ ಅದಕ್ಕೆ ಇರಲಿಲ್ಲ. ಕಾಲುಗಳು ಸುಮಾರು 1,500 ಮೀಟರ್ ಎತ್ತರದಲ್ಲಿ ಬಿಚ್ಚಿಕೊಳ್ಳುವಾಗಿನ ಜಗ್ಗಾಟಕ್ಕೆ ನೆಲ ಮುಟ್ಟಿದ್ದನ್ನು ತಿಳಿಸುವ ಸೆನ್ಸರ್‌ಗಳು ಒಂದು ಕ್ಷಣ ‘ಮುಟ್ಟಿದೆ’ ಎಂದವು, ತಂತ್ರಾಂಶ ಅದನ್ನು ನೆನಪಿಟ್ಟುಕೊಂಡಿತು. 40 ಮೀಟರಿಗೆ ಬಂದು ಆ ಸೆನ್ಸರನ್ನು ಕೇಳುವ ಹೊತ್ತಾದಾಗ ಹಳೆಯ ಉತ್ತರವೇ ಸಿಕ್ಕಿತು, ಎಂಜಿನ್ ಆರಿತು. ಹೀಗೆಂದು ಪರಿಶೀಲನಾ ಮಂಡಳಿ ಅತ್ಯಂತ ಸಂಭವನೀಯ ಕಾರಣವನ್ನು ಗುರುತಿಸಿತು.

ಪರೀಕ್ಷೆಯಲ್ಲಿ ಇದು ಸಿಗಬೇಕಿತ್ತು. ಮೊದಲ ಪರೀಕ್ಷೆಯಲ್ಲಿ ಸೆನ್ಸರಿನ ತಂತಿಗಳೇ ತಪ್ಪಾಗಿ ಜೋಡಣೆಯಾಗಿದ್ದವು. ತಂತಿ ಸರಿಪಡಿಸಿದ ಮೇಲೆ ನೆಲ ಮುಟ್ಟುವ ಭಾಗವನ್ನು ಮತ್ತೆ ಪರೀಕ್ಷಿಸಿದರು, ಕಾಲು ಬಿಚ್ಚುವ ಭಾಗವನ್ನು ಬಿಟ್ಟರು. ದುರಸ್ತಿಯ ನಂತರ ಪರೀಕ್ಷೆಯನ್ನು ಅರ್ಧದಿಂದ ಮುಂದುವರಿಸಬೇಡಿ, ಮೊದಲಿನಿಂದ ಮಾಡಿ. ಸೆನ್ಸರನ್ನು ಕೇಳತೊಡಗುವ ಕ್ಷಣದಲ್ಲಿ ಹಳೆಯ ‘ಮುಟ್ಟಿದೆ’ ಗುರುತನ್ನು ಅಳಿಸುವ ಒಂದೇ ಒಂದು ಸಾಲು ಇದನ್ನು ತಪ್ಪಿಸುತ್ತಿತ್ತು.

ಲಕ್ಷಣ: ಕವಚ ಸೋತಿದೆ

ಇದು ನಿಜವಾಗಿ ಆಗುವುದೂ ಉಂಟು. ಕೊಲಂಬಿಯಾ ನೌಕೆಯ ಎಡರೆಕ್ಕೆಯ ಅಂಚಿಗೆ ಉಡಾವಣೆಯ 82ನೇ ಸೆಕೆಂಡಿನ ಸುಮಾರಿಗೆ ಫೋಮ್ ತುಂಡು ಬಡಿದಿತ್ತು. 2003ರ ಫೆಬ್ರವರಿ 1ರಂದು ಹಿಂದಿರುಗುವಾಗ ಆ ರೆಕ್ಕೆಯ ಉಷ್ಣ ಸೆನ್ಸರ್‌ಗಳು ಒಂದರ ಹಿಂದೊಂದು ಅಳತೆಪಟ್ಟಿಯ ಕೆಳತುದಿಗೆ ಬಿದ್ದವು. ಅದರ ಅರ್ಥ ತಂಪಾಯಿತು ಎಂದಲ್ಲ, ತಂತಿ ಸುಟ್ಟುಹೋಯಿತು ಎಂದು. ಯಾವ ಸೆನ್ಸರಿನ ತಂತಿ ರೆಕ್ಕೆಯೊಳಗೆ ಯಾವ ದಾರಿಯಲ್ಲಿ ಹೋಗಿತ್ತು, ಯಾವುದು ಮೊದಲು ಸತ್ತಿತು ಎಂದು ಒಂದರ ಮೇಲೊಂದು ಇಟ್ಟು ನೋಡಿದಾಗ ಬಿಸಿ ಅನಿಲ ಒಳನುಗ್ಗಿದ ಜಾಗ ಗೊತ್ತಾಯಿತು. ಟೆಕ್ಸಾಸ್‌ನಲ್ಲಿ ಸಿಕ್ಕಿದ ನೌಕೆಯ ರೆಕಾರ್ಡರ್ ಅದನ್ನು ಇನ್ನಷ್ಟು ಖಚಿತಪಡಿಸಿತು. ಸಾಯುವ ಸೆನ್ಸರ್‌ಗಳ ಸರದಿಯೂ ಒಂದು ಅಳತೆಯೇ.

ಇನ್ನೊಂದು, ಮೊದಲ ನೋಟಕ್ಕೆ ಉಲ್ಟಾ ಅನ್ನಿಸುವಂಥದ್ದು. 2022ರ ಡಿಸೆಂಬರ್‌ನಲ್ಲಿ ಚಂದ್ರನ ಕಡೆಯಿಂದ ಹಿಂದಿರುಗಿದ ನಾಸಾದ ಓರಿಯನ್ ನೌಕೆಯ ಕವಚದಿಂದ ಕರಕಲು ಪದರ ನಿರೀಕ್ಷೆಯಂತೆ ಸವೆಯದೆ ಹಲವು ಕಡೆ ಚೂರುಚೂರಾಗಿ ಎದ್ದುಬಂದಿತ್ತು. ಕಾರಣ ಅತಿಯಾದ ಕಾವಲ್ಲ. ನೌಕೆ ವಾತಾವರಣಕ್ಕೆ ಒಮ್ಮೆ ಮುಳುಗಿ, ಎದ್ದು, ಮತ್ತೆ ಮುಳುಗುವ ದಾರಿ ಹಿಡಿದಿತ್ತು. ನಡುವಿನ ಕಡಿಮೆ ಕಾವಿನ ಅವಧಿಯಲ್ಲಿ ಕರಕಲು ಪದರ ಬೆಳೆಯುವುದು ನಿಧಾನವಾಯಿತು, ಆದರೆ ಒಳಗೆ ಅನಿಲ ಹುಟ್ಟುವುದು ನಿಲ್ಲಲಿಲ್ಲ. ಹೊರಬರಲು ದಾರಿ ಸಾಲದೆ ಒತ್ತಡ ಏರಿ ಪದರ ಬಿರಿಯಿತು. ಪ್ರಯೋಗಾಲಯದಲ್ಲಿ ಇನ್ನೂ ಹೆಚ್ಚು ಕಾವು ಕೊಟ್ಟು ಪರೀಕ್ಷಿಸಿದ್ದರಿಂದಲೇ ಇದು ಅಲ್ಲಿ ಕಾಣಿಸಿರಲಿಲ್ಲ. ಕವಚವನ್ನು ಪರೀಕ್ಷಿಸುವಾಗ ಗರಿಷ್ಠ ಕಾವಿನ ಜೊತೆಗೆ ನಡುವಿನ ತಂಪನ್ನೂ ನಕಲು ಮಾಡಿ.

ಲಕ್ಷಣ: ಇಳಿದಿರಬೇಕು, ಆದರೆ ಮಾತಿಲ್ಲ

2003ರ ಕ್ರಿಸ್ಮಸ್ ದಿನ ಮಂಗಳಕ್ಕೆ ಇಳಿಯಬೇಕಿದ್ದ ಬ್ರಿಟನ್ನಿನ ಬೀಗಲ್ 2 ಮತ್ತೆ ಮಾತನಾಡಲಿಲ್ಲ. ಅದು ಬಿದ್ದು ನುಚ್ಚಾಯಿತು ಎಂದೇ ಬಹಳ ಮಂದಿ ನಂಬಿದ್ದರು. 2015ರಲ್ಲಿ ಕಕ್ಷೆಯ ಚಿತ್ರಗಳಲ್ಲಿ ಅದು ಇಡಿಯಾಗಿಯೇ ಕಂಡಿತು. ಸೌರಫಲಕಗಳು ಮಾತ್ರ ಪೂರ್ತಿ ಬಿಚ್ಚಿಕೊಂಡಿರಲಿಲ್ಲ. ಅದರ ಆಂಟೆನಾ ಇದ್ದದ್ದು ಫಲಕಗಳ ಅಡಿಯಲ್ಲಿ. ಎಲ್ಲ ಫಲಕಗಳೂ ತೆರೆಯದೆ ಅದು ಮಾತನಾಡುವಂತಿರಲಿಲ್ಲ. ಇಳಿಯುವ ಏರ್ಪಾಟಿನ ಮೇಲೆ ಹನ್ನೊಂದು ವರ್ಷ ಹೊರಿಸಿದ್ದ ದೋಷ ಅದರದ್ದಾಗಿರಲಿಲ್ಲ.

ಹಾಗಾಗಿ ಮೌನದ ಸಂದರ್ಭದಲ್ಲಿ ರಿಸೀವರ್ ಆರಿಸಬೇಡಿ, ಟೇಪು ಅಳಿಸಬೇಡಿ. 1970ರ ಡಿಸೆಂಬರ್ 15ರಂದು ಸೋವಿಯತ್ ನೌಕೆ ವೆನೆರಾ 7 ಶುಕ್ರನಿಗೆ ಇಳಿಯುವಾಗ ಪ್ಯಾರಾಚೂಟ್ ಕೈಕೊಟ್ಟು ನೆಲಕ್ಕೆ ಜೋರಾಗಿಯೇ ಬಡಿಯಿತು, ಸಂಕೇತ ನಿಂತಿತು. ಕೆಲಸ ಮುಗಿಯಿತೆಂದುಕೊಂಡರು. ಆಮೇಲೆ ರೆಕಾರ್ಡಿಂಗುಗಳನ್ನು ಮತ್ತೆ ಸೋಸಿದಾಗ, ಗದ್ದಲದ ನಡುವೆ ಮೊದಲಿನ ಸುಮಾರು ನೂರರಲ್ಲೊಂದು ಪಾಲು ಬಲದ ಸಂಕೇತ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಬರುತ್ತಲೇ ಇತ್ತು. ನೌಕೆ ಪಕ್ಕಕ್ಕೆ ಉರುಳಿ ಆಂಟೆನಾ ಭೂಮಿಯಿಂದ ಬೇರೆ ಕಡೆಗೆ ತಿರುಗಿದ್ದಿರಬೇಕು. ಅದರೊಳಗಿನ ವಾಹಿನಿ ಬದಲಿಸುವ ಸ್ವಿಚ್ಚು ಸಿಲುಕಿಕೊಂಡಿದ್ದರಿಂದ ಬರುತ್ತಿದ್ದುದು ಉಷ್ಣತೆಯ ಓದು ಮಾತ್ರ: ಸುಮಾರು 475 ಡಿಗ್ರಿ ಸೆಲ್ಸಿಯಸ್, ಏರದೆ ಇಳಿಯದೆ. ಡಾಪ್ಲರ್ ಕೂಡ ಕದಲುತ್ತಿರಲಿಲ್ಲ, ಅಂದರೆ ಅದು ನೆಲದ ಮೇಲೆ ಕುಳಿತಿತ್ತು. ಆ ಒಂದು ಅಂಕಿಯನ್ನೂ ಇಳಿದ ವೇಗವನ್ನೂ ಹಿಡಿದು ಶುಕ್ರನ ನೆಲದ ಮೇಲಿನ ಒತ್ತಡ ಭೂಮಿಯದಕ್ಕಿಂತ ಸುಮಾರು 90 ಪಟ್ಟು ಎಂದು ಲೆಕ್ಕ ಹಾಕಿದರು.